ಕೋವಿಯ ಬಾರು ಹೆಗಲಿಗೋ, ಗುರಿಗೋ?

ಸಂಜೆ ಹಾಸನದಿಂದ ಹೊಳೆನರಸೀಪುರದ ಕಡೆ ಹೊರಟ ಬಸ್ಸು. ಮೊಸಳೆ ಹೊಸಹಳ್ಳಿಗೆ ಟಿಕೆಟ್ ಕೇಳುವವರ ನಡುವೆ ಖಾಕಿ ತೊಟ್ಟ ಕಾಲೇಜು ಹುಡುಗಿ. ಎನ್‌ಸಿಸಿಯವಳು. ಬಸ್ಸಿನಲ್ಲಿ ಖಾಕಿ ಕಂಡರೆ ಈ ಕಡೆಯ ಜನ ಸುಮ್ಮನೆ ಕೂರುವವರಲ್ಲ. ಅವಳು ಫೈರಿಂಗ್ ಮುಗಿಸಿ ಬಂದವಳೆಂದು ಗೊತ್ತಾದರಂತೂ ಪಕ್ಕದ ಸೀಟಿನ ಅಂಗಡಿ ಸಾಹುಕಾರರ ಮಾತು ಹೀಗೇ ಸಾಗುತ್ತದೆ:

“ಎಷ್ಟ್ ಗುಂಡ್ ಹೊಡ್ದೆ ಮಗಾ?”

“ಐದು ಮಾವ.”

“ಎಷ್ಟ್ ಬಿತ್ತು?”

“ಐದೂ ಬಿತ್ತು. ಒಂದು ಹಾಸನದಲ್ಲಿ, ಒಂದು ಅರಕಲಗೂಡಲ್ಲಿ, ಒಂದು ಚನ್ನರಾಯಪಟ್ಟಣದಲ್ಲಿ...”

ಅಕ್ಕಪಕ್ಕದವರು ನಗುತ್ತಾರೆ. ಹುಡುಗಿಯೂ ನಗುತ್ತಾಳೆ. ಆಮೇಲೆ ದನಿ ತಗ್ಗಿಸಿ, “ನನ್ ಕೈ ನಡುಗುತ್ತೆ ಮಾವ. ನಂಗಿದು ಆಗಲ್ಲ ಅನ್ಸುತ್ತೆ” ಅನ್ನುತ್ತಾಳೆ.

ಇಲ್ಲೇ ಇರುವುದು ವಿಷಯ. ಕೈ ಯಾರದು ನಡುಗುವುದಿಲ್ಲ ಸ್ವಾಮಿ? ಉಸಿರು ಎಳೆದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ನಾಡಿ ಬಡಿದರೆ ತೋಳು ಮಿಡಿಯುತ್ತದೆ. ಭಾರ ಹಿಡಿದ ಮಾಂಸಖಂಡ ಅರೆ ನಿಮಿಷಕ್ಕೆ ದಣಿಯುತ್ತದೆ. ಒಲಿಂಪಿಕ್ಸಿಗೆ ಹೋದವನಿಗೂ ಇಷ್ಟೇ, ಮೊಸಳೆಯ ಹುಡುಗಿಗೂ ಇಷ್ಟೇ. ವ್ಯತ್ಯಾಸ ಇರುವುದು ಕೋವಿಗೆ ಕಟ್ಟಿದ ಒಂದು ಪಟ್ಟಿಯಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಲಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಬಾರು ಎಂದರೆ ಸಾಕು. ಕೋವಿಯೊಳಗೆ ತುಂಬುವ ಮದ್ದುಗುಂಡೂ ಬಾರು, ಹೊರಗೆ ಕಟ್ಟುವ ಪಟ್ಟಿಯೂ ಬಾರು. ಒಳಗಿನ ಬಾರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗಿನದನ್ನು ಕೇಳುವವರೇ ಇಲ್ಲ.

ತಕ್ಕಡಿಯ ಮುಳ್ಳು

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ತಕ್ಕಡಿಯ ಮುಳ್ಳು ಆಡುತ್ತಿರುವಾಗ ತೂಕ ಹೇಳಿದರೆ ಗಿರಾಕಿ ಒಪ್ಪುತ್ತಾನೆಯೆ? ಮುಳ್ಳು ನಿಲ್ಲಬೇಕು. ಕೋವಿಯ ಕತೆಯೂ ಅದೇ. ಬಟ್ಟಿನಿಂದ ನಳಿಗೆಯ ತುದಿಗೆ ಹೆಚ್ಚುಕಡಿಮೆ ಒಂದು ಮೀಟರ್ ಅಂತಿಟ್ಟುಕೊಳ್ಳಿ. ತುದಿ ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೆ 25 ಮೀಟರ್ ದೂರದ ಗುರಿ ಹಲಗೆಯ ಮೇಲೆ ಗುಂಡು 25 ಮಿಲಿಮೀಟರ್, ಅಂದರೆ ಒಂದು ಅಂಗುಲ ಜರುಗುತ್ತದೆ. 50 ಮೀಟರಿಗೆ ಎರಡು ಅಂಗುಲ. ಅಂತರರಾಷ್ಟ್ರೀಯ ಸ್ಪರ್ಧೆಯ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಅಂಗಿ ಗುಂಡಿಯಷ್ಟು. ಈಗ ಲೆಕ್ಕ ಹಾಕಿ.

ಹಾಗಾದರೆ ಬಾರು ಮಾಡುವ ಕೆಲಸವೇನು? ಕೋವಿಯ ಭಾರವನ್ನು ಮಾಂಸದಿಂದ ಕಿತ್ತು ಮೂಳೆಗೆ ಹೊರಿಸುವುದು. ಮಾಂಸ ದಣಿಯುತ್ತದೆ, ಮೂಳೆ ದಣಿಯುವುದಿಲ್ಲ. ಬಲಗೈಯಲ್ಲಿ ಟ್ರಿಗರ್ ಎಳೆಯುವವರು ಬಾರಿನ ಕುಣಿಕೆಯನ್ನು ಎಡತೋಳಿನ ಮೇಲ್ಭಾಗಕ್ಕೆ ಹಾಕಿಕೊಳ್ಳುತ್ತಾರೆ. ಅಲ್ಲಿಂದ ಅದು ಮಣಿಕಟ್ಟಿನ ಹೊರಗಿನಿಂದ ಬಳಸಿ ಕೋವಿಯ ಮುಂಭಾಗದ ಕೊಂಡಿಗೆ ಸೇರುತ್ತದೆ. ಹೊಟ್ಟೆಯ ಮೇಲೆ ಮಲಗಿ ಮೊಣಕೈ ನೆಲಕ್ಕೆ ಊರಿದರೆ ಮುಂಗೈ, ಮೇಲ್ದೋಳು, ಬಾರು ಮೂರೂ ಸೇರಿ ಮುಕ್ಕೋಣ. ನಿಂತ ಗಾಡಿಯ ಮೂಕಿಗೆ ಊರೆಗೋಲು ಕೊಟ್ಟ ಹಾಗೆ. ಅಂಗೈ ಆಗ ಬರೀ ಕೋವಿ ಕೂರುವ ಹಲಗೆ. ಬಿಗಿ ಹಿಡಿಯುವ ಅಗತ್ಯವೇ ಇಲ್ಲ.

ಹೆಗಲಿಗೆ ನೇತುಹಾಕುವ ಬಾರೂ ಕೈ ಹಿಡಿಯದೆ ಇರುವುದಿಲ್ಲ. ತೋಳನ್ನು ಕೋವಿ ಮತ್ತು ಬಾರಿನ ನಡುವೆ ತೂರಿಸಿ ಒಂದು ಸುತ್ತು ಬಳಸಿದರೆ ಅವಸರಕ್ಕೆ ಆಸರೆ ಸಿಗುತ್ತದೆ. ಆದರೆ ಅದು ಅವಸರದ್ದೇ. ಐದು ಗುಂಡು ಒಂದೇ ಜಾಗಕ್ಕೆ ಬೀಳಬೇಕಾದರೆ ತೋಳಿನ ಕುಣಿಕೆಯೇ ಆಗಬೇಕು.

ಯಾವುದು ಕೊಳ್ಳಬೇಕು?

ಚರ್ಮ, ಹತ್ತಿ, ನೈಲಾನ್. ಅಂಗಡಿಯಲ್ಲಿ ಸಾಮಾನ್ಯವಾಗಿ ಇವೇ ಮೂರು.

ಚರ್ಮ ತೋಳಿನಲ್ಲಿ ಜಾರುವುದಿಲ್ಲ, ತೂತುಗಳಿರುವುದರಿಂದ ಅಳತೆ ತಪ್ಪುವುದಿಲ್ಲ. ಅಮೆರಿಕದ ಸೈನ್ಯ 1907ರಲ್ಲಿ ತಂದ ಎರಡು ಕುಣಿಕೆಯ ಚರ್ಮದ ಬಾರನ್ನು ಗುರಿಕಾರರು ಇಂದಿಗೂ ಬಿಟ್ಟಿಲ್ಲ. ಆದರೆ ಒದ್ದೆಯಾದರೆ ಚರ್ಮ ಹಿಗ್ಗುತ್ತದೆ. ಸಕಲೇಶಪುರದ ಮಳೆಯಲ್ಲಿ ಎಣ್ಣೆ ಕಾಣದ ಚರ್ಮ ಒಂದು ಮಳೆಗಾಲಕ್ಕೆ ಬೂಷ್ಟು ಹಿಡಿಯುವುದು ಖಂಡಿತ.

ಹತ್ತಿ ನೇಯ್ಗೆಯ ಪಟ್ಟಿ ಸೈನ್ಯದ ಹಳೆಯ ಪರಿಚಯ. ತ್ರೀ ನಾಟ್ ತ್ರೀ ರೈಫಲ್ಲಿಗೆ ಇದ್ದದ್ದು ಒಂದೂಕಾಲು ಅಂಗುಲ ಅಗಲದ ಇಂಥದೇ ಪಟ್ಟಿ. ಅಗ್ಗ, ಬಾಳಿಕೆ ಇದೆ, ಎಳೆದರೆ ಅಷ್ಟಾಗಿ ಹಿಗ್ಗುವುದಿಲ್ಲ. ಕಲಿಯುವವರಿಗೆ ಇದು ಸಾಕು.

ನೈಲಾನ್ ನೋಡಲು ಚೆಂದ, ನೀರಿಗೆ ಹೆದರುವುದಿಲ್ಲ. ಆದರೆ ತೆಳು ನೈಲಾನ್ ಎಳೆದಾಗ ಹಿಗ್ಗಿ, ಬಿಟ್ಟಾಗ ಕುಗ್ಗುತ್ತದೆ, ನುಣುಪಾದ ಬಕಲ್ಲಿನಲ್ಲಿ ಜಾರುತ್ತದೆ. ಹೊರಲು ಅಡ್ಡಿಯಿಲ್ಲ, ಗುರಿಗೆ ನಂಬಿಕೆಯದಲ್ಲ. ಹೆಗಲಿಗೆ ಹಿತವೆಂದು ಮಾರುವ ರಬ್ಬರಿನಂತೆ ಎಳೆಯುವ ಪಟ್ಟಿಯಂತೂ ಗುರಿಗೆ ಬೇಡವೇ ಬೇಡ. ಕೋವಿ ಮೇಲೆ ಕೆಳಗೆ ತೂಗುತ್ತದೆ.

ಅಗಲ ಜಾಸ್ತಿಯಾದಷ್ಟೂ ಒಳ್ಳೆಯದೆಂದು ಕೊಳ್ಳಲು ಹೋಗಬೇಡಿ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 40 ಮಿಲಿಮೀಟರ್ ಮೀರುವಂತಿಲ್ಲ.

ಅಳತೆ ಯಾರದು?

ಇಷ್ಟೆಲ್ಲ ನೋಡಿ ಕೊಂಡರೂ ಕೆಲಸ ಅರ್ಧ ಮಾತ್ರ ಆಯಿತು. ಉಳಿದರ್ಧ ಅಳತೆ. ಎನ್‌ಸಿಸಿಯಲ್ಲಿ ಕೋವಿ ಮಕ್ಕಳದಲ್ಲ, ಘಟಕದ್ದು. ಒಂದೇ ಪಾಯಿಂಟ್ ಟೂ ಟೂ ರೈಫಲ್ ಹಲವರ ಕೈ ದಾಟುತ್ತದೆ. ಆರಡಿ ಹುಡುಗನ ತೋಳಿಗೆ ಬಿಗಿದ ಬಾರು ಐದಡಿ ಹುಡುಗಿಗೆ ಬಂದರೆ ಜೋತು ಬೀಳುತ್ತದೆ. ಜೋತ ಬಾರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಭಾರವೆಲ್ಲ ಮತ್ತೆ ಕೈಗೇ ಬಂತು, ಕೈ ನಡುಗಿತು. ಆಮೇಲೆ “ನಂಗಿದು ಆಗಲ್ಲ”.

ಹಾಗಂತ ಅತಿ ಬಿಗಿಯೂ ಕೆಡುಕೇ. ಬೆರಳು ಜುಮ್ಮೆನ್ನುತ್ತದೆ. ತೋಳಿನ ನಡುಭಾಗದಲ್ಲಿ ಬಿಗಿದರೆ ರಕ್ತನಾಳದ ಬಡಿತ ಬಾರಿನ ಮೂಲಕ ಕೋವಿಗೆ ಇಳಿದು ಗುರಿಮೊನೆ ನಾಡಿಯ ತಾಳಕ್ಕೆ ಕುಣಿಯುತ್ತದೆ. ಅದಕ್ಕೇ ಕುಣಿಕೆಯನ್ನು ಕಂಕುಳ ಹತ್ತಿರಕ್ಕೆ ಏರಿಸುವುದು, ಒಳಗೆ ದಪ್ಪ ಬಟ್ಟೆ ಇಟ್ಟುಕೊಳ್ಳುವುದು.

ಸರಿಯಾಯಿತೋ ಇಲ್ಲವೋ ತಿಳಿಯಲು ದುಡ್ಡು ಬೇಡ, ಗುಂಡೂ ಬೇಡ. ಖಾಲಿ ಕೋವಿ, ಉಸ್ತಾದರ ಅಪ್ಪಣೆ ಇದ್ದರೆ ಸಾಕು. ಮಲಗಿ ಗುರಿ ಹಿಡಿಯಿರಿ. ಕಣ್ಣು ಮುಚ್ಚಿ ಎರಡು ಉಸಿರು ಎಳೆದು ಬಿಡಿ. ಕಣ್ಣು ತೆರೆಯಿರಿ. ಗುರಿ ಇದ್ದಲ್ಲೇ ಇದೆಯೆ? ಅಳತೆ ಸರಿ. ಪಕ್ಕಕ್ಕೆ ಸರಿದಿದೆಯೆ? ಕೈಯಿಂದ ಕೋವಿಯನ್ನು ತಳ್ಳಬೇಡಿ, ಮೈಯನ್ನೇ ಸ್ವಲ್ಪ ಜರುಗಿಸಿ. ಸರಿ ಕೂತ ತೂತು ಎಷ್ಟನೆಯದೋ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲವೂ ಅದೇ ತೂತು. ಇವತ್ತು ಬಿಗಿ, ನಾಳೆ ಸಡಿಲ ಆದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಬಾರಿನ ಕೊಂಡಿ ನಳಿಗೆಗೇ ಅಂಟಿಕೊಂಡ ಕೋವಿಗಳಲ್ಲಿ ಇದು ಇನ್ನೂ ಹೆಚ್ಚು.

ಕೊಡಗಿನ ತೆಂಗಿನಕಾಯಿ

“ಕೊಡಗಿನವರು ಬಾರಿಲ್ಲದೆ ತೆಂಗಿನಕಾಯಿ ಉರುಳಿಸುತ್ತಾರಲ್ಲ?” ಎಂದು ಅರಕಲಗೂಡಿನ ಕಡೆಯವರು ಕೇಳಬಹುದು. ತಾಲ್ಲೂಕಿನ ಗಡಿ ದಾಟಿದರೆ ಕೊಡಗು. ಅಲ್ಲಿ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಬರುವ ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನು ಹತ್ತು ವರ್ಷಕ್ಕೆ ಮುಂದುವರಿಸಿದೆ. ಹಾಸನದವರಿಗೆ ಆ ಭಾಗ್ಯವಿಲ್ಲ. ಬಾರಿಗೆ ಲೈಸೆನ್ಸ್ ಬೇಡ, ಕೋವಿಗೆ ಬೇಕೇಬೇಕು.

ನಿಂತು ಹೊಡೆಯುವುದು ಬೇರೆ ವಿದ್ಯೆ. ಒಲಿಂಪಿಕ್ಸಿನಲ್ಲೂ ನಿಂತ ಭಂಗಿಗೆ ಬಾರಿನ ಆಸರೆ ಕೊಡುವುದಿಲ್ಲ. ಮಂಡಿಯೂರಿದಾಗ, ಮಲಗಿದಾಗ ಮಾತ್ರ. 2024ರಲ್ಲಿ ಪ್ಯಾರಿಸ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಸ್ಪರ್ಧೆಯಲ್ಲಿ 451.4 ಅಂಕ ಪಡೆದು ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಇವೆರಡನ್ನೂ ಬಲ್ಲವರು. ಆ ಸ್ಪರ್ಧೆಯಲ್ಲಿ ಪದಕ ಕಂಡ ಮೊದಲ ಭಾರತೀಯ. ಬೆಳಗಾವಿಯ ಪಕ್ಕದ ಕೊಲ್ಲಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವರು. ಹಳ್ಳಿಯವರಿಗೆ ಇದು ಆಗದು ಅನ್ನುವವರು ಈ ಹೆಸರನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇನ್ನು ಬೆಳೆ ಕಾಯಲು ಲೈಸೆನ್ಸ್ ಕೋವಿ ಇಟ್ಟ ರೈತರಿಗೆ ಒಂದು ಮಾತು. ಹಗ್ಗದ ತುಂಡಿಗೆ ಕೋವಿ ನೇತುಹಾಕಿ ತೋಟದಲ್ಲಿ ನಡೆಯುವ ರೂಢಿ ಬಿಡಿ. ಹಗ್ಗ ಸವೆಯುತ್ತದೆ, ರೆಂಬೆಗೆ ಸಿಕ್ಕುತ್ತದೆ, ಕೋವಿ ಜಾರುತ್ತದೆ. ಬಕಲ್ಲು, ಕೊಂಡಿಯ ಸ್ಕ್ರೂ ಆಗಾಗ ನೋಡಿ. ಕೋವಿ ಹೆಗಲಿಗೇರುವ ಮೊದಲು ತೋಟೆ ಹೊರಗೆ ಬರಲಿ. ಹೊರಗಿನ ಬಾರು ಹಾಕುವಾಗ ಒಳಗಿನ ಬಾರು ಇರಕೂಡದು.

ಮೊಸಳೆಯ ನಾಗೇಶ್ವರ, ಚನ್ನಕೇಶವ ಗುಡಿಗಳನ್ನು ಕಂಡವರು ಬಲ್ಲರು. ಹೊಯ್ಸಳರ ಶಿಲ್ಪಿಗಳು ಎರಡನ್ನೂ ಒಂದೇ ಅಳತೆಗೆ, ಅವಳಿ ಮಕ್ಕಳಂತೆ ಎಬ್ಬಿಸಿದರು. ಕಲ್ಲಿಗೆ ಅದು ಸಾಧ್ಯ. ಮನುಷ್ಯರ ತೋಳು ಹಾಗಲ್ಲ, ಒಬ್ಬರದು ಇನ್ನೊಬ್ಬರಿಗೆ ಹೊಂದದು. ಬಸ್ಸಿನ ಆ ಹುಡುಗಿ ಮುಂದಿನ ಫೈರಿಂಗಿಗೆ ಹೋದಾಗ ಕೇಳಬೇಕಾದದ್ದು ಇಷ್ಟೇ: “ಸಾರ್, ಬಾರನ್ನ ನನ್ ಅಳತೆಗೆ ಹಾಕ್ಕೊಳ್ಲಾ?” ಐದು ಗುಂಡು ಆಗ ಐದು ತಾಲ್ಲೂಕು ಸುತ್ತದೆ, ಒಂದೇ ಊರಿನಲ್ಲಿ ಇಳಿದಾವು.