ಮೆಟ್ಟಿಲೇರುವಾಗ ಏದುಸಿರೇ?

ಬೆಳಿಗ್ಗೆ ಅಂಗಡಿಯ ಗಲ್ಲಾದ ಹಿಂದೆ ಕುಳಿತರೆ ರಾತ್ರಿಯವರೆಗೂ ಅಲ್ಲೇ. ಮಸೀದಿಗೆ ಬೈಕು, ಮೀನು ತರಲು ಬೈಕು, ಮಗುವನ್ನು ಮದ್ರಸಕ್ಕೆ ಬಿಡಲೂ ಬೈಕು. ನಿಮ್ಮ ಮನೆಯ ಗಂಡಸರ ದಿನಚರಿ ಹೀಗಿದ್ದರೆ ಅವರಿಗೊಂದು ಪ್ರಶ್ನೆ ಕೇಳಿ: ಎರಡು ಮಹಡಿ ಹತ್ತಿದ ಮೇಲೆ ಏದುಸಿರಿಲ್ಲದೆ ಮಾತನಾಡಲು ಆಗುತ್ತದೆಯೇ? ‘ವಯಸ್ಸಾಯಿತಲ್ಲ’ ಎಂಬ ಉತ್ತರ ಕೆಲವರಿಂದ ನಲ್ವತ್ತಕ್ಕೂ ಮೊದಲೇ ಬರುತ್ತದೆ.

ಆದರೆ ತಪ್ಪು ವಯಸ್ಸಿನದೇ? 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ವೈದ್ಯರು 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದುಡಿಯುವಾಗ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ದೇಹದ ಸಾಮರ್ಥ್ಯ ಕಾಲುಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ತಿಳಿದದ್ದು ಅಚ್ಚರಿಯ ಸಂಗತಿ. ಮೂರು ದಶಕಗಳ ವಯಸ್ಸು ಮಾಡದಷ್ಟು ಹಾನಿಯನ್ನು ಆ ಮೂರು ವಾರಗಳ ನಿಶ್ಚಲತೆ ಮಾಡಿತ್ತು! ಆಗ ದಪ್ಪಗಾಗಿದ್ದ ಅವರಿಗೆ ಆರು ತಿಂಗಳು ನಡಿಗೆ, ಓಟ, ಸೈಕಲ್ ತುಳಿತವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತಾ ಮಾಡಿಸಿದರು. ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಕಳೆದುಹೋದ ಸಾಮರ್ಥ್ಯ ಮರಳಿತು.

ಈ ಸಾಮರ್ಥ್ಯಕ್ಕೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ ಎನ್ನುತ್ತೀರಾ? ಊಟದ ನಂತರ ರಕ್ತ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಸೇರಿಸಿಕೊಳ್ಳುವ ಗೋದಾಮು ನಮ್ಮ ಸ್ನಾಯುಗಳು. ಕೆಲಸವಿಲ್ಲದ ಸ್ನಾಯುವಿನಲ್ಲಿ ಗೋದಾಮು ಖಾಲಿಯಾಗುವುದೇ ಇಲ್ಲ. ಹೊಸ ಸರಕಿಗೆ ಜಾಗವೆಲ್ಲಿ? ಇನ್ಸುಲಿನ್ ಬಾಗಿಲು ತಟ್ಟಿದರೂ ಸ್ನಾಯು ಓಗೊಡುವುದಿಲ್ಲ. ಉಳಿದ ಸಕ್ಕರೆಯಲ್ಲಿ ಒಂದಷ್ಟು ಯಕೃತ್ತಿನಲ್ಲಿ ಕೊಬ್ಬಾಗುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಬಿರುಸಾಗಿ ನಡೆಯುವಾಗಲಾದರೋ ಸ್ನಾಯುಗಳು ಇನ್ಸುಲಿನ್‌ನ ಹಂಗಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಈ ಲಾಭ ಒಂದೆರಡು ದಿನವಷ್ಟೇ ಉಳಿಯುವುದರಿಂದ ರವಿವಾರದ ಒಂದು ದಿನದ ನಡಿಗೆ ಸಾಲದು.

‘ನಾನು ತೆಳ್ಳಗಿದ್ದೇನೆ’ ಎಂದು ಸಮಾಧಾನ ಪಡಬೇಡಿ. ತೂಕ ಕಡಿಮೆಯಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂಡಿಕೊಳ್ಳುವುದು ಭಾರತೀಯ ಗಂಡಸರಲ್ಲಿ ಸಾಮಾನ್ಯ. ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. 90 ಸೆಂಟಿಮೀಟರ್ ದಾಟಿದ್ದರೆ ಬರಿಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್, ರಕ್ತದೊತ್ತಡ ಮೂರನ್ನೂ ಪರೀಕ್ಷಿಸಿಕೊಳ್ಳಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿ ಇರುವವರು ಅದಕ್ಕೂ ಹೆಚ್ಚು, 13 ಕೋಟಿ ದಾಟುತ್ತಾರೆ. ಆ ಹೊಸ್ತಿಲಲ್ಲಿರುವವರಿಗೆ ಯಾವ ನೋವೂ ಇರುವುದಿಲ್ಲ, ಅದೇ ಅಪಾಯ.

ಐದು ಹೊತ್ತಿನ ನಮಾಝ್ ಇದೆಯಲ್ಲ, ಬೇರೆ ವ್ಯಾಯಾಮವೇಕೆ ಎನ್ನುವವರಿದ್ದಾರೆ. ನಮಾಝ್ ಆರಾಧನೆ. ಅದರಿಂದ ಕೀಲುಗಳು ಸಡಿಲಗೊಳ್ಳಬಹುದು, ಆದರೆ ಎದೆಬಡಿತ ಏರಿ ಬೆವರು ಬರುವಷ್ಟು ದುಡಿತ ಅದರಲ್ಲಿಲ್ಲ. ಮಸೀದಿ ಒಂದು ಕಿಲೋಮೀಟರ್ ದೂರದಲ್ಲಿದ್ದರೆ ಬೈಕನ್ನು ಮನೆಯಲ್ಲೇ ಬಿಡಿ. ಹೋಗಿ ಬರುವುದರಲ್ಲೇ ಇಪ್ಪತ್ತು ನಿಮಿಷದ ಬಿರುಸು ನಡಿಗೆಯಾಯಿತು. ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗ ಸಾಕು. ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ವಾರ ಹತ್ತು ನಿಮಿಷದಿಂದ ಆರಂಭಿಸಿದರೂ ಚಿಂತೆಯಿಲ್ಲ. ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಸ್ವಲ್ಪ ದೂರ ನಡೆದು ಬಂದರೆ ಇನ್ನೂ ಒಳ್ಳೆಯದು; ಒಬ್ಬಂಟಿಯಾಗಿ ಹೊರಟ ಗಂಡಸರು ಚಹಾದಂಗಡಿಯಲ್ಲಿ ನಿಲ್ಲುವುದೇ ಹೆಚ್ಚು!

ನಡೆಯುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಜೇಬಿನಲ್ಲಿ ಒಂದು ಬೆಲ್ಲದ ತುಂಡೋ ಗ್ಲೂಕೋಸ್ ಪೊಟ್ಟಣವೋ ಇರಲಿ.