ಪಾಸ್ತಾಪುರದಲ್ಲಿ ಉಳಿದ ಮೈಸೂರಿಗ

ಜಹೀರಾಬಾದು, ನಾರಾಯಣಖೇಡ, ತಾಂಡೂರು—ಈ ಮೂರು ಹೆಸರುಗಳು ನಮ್ಮ ಗಡಿನಾಡಿನ ಮನೆಗಳಲ್ಲಿ ನಂಟರ ಊರುಗಳ ಹೆಸರುಗಳಾಗಿಯೇ ಕೇಳಿಬರುತ್ತವೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮೊದಲಿನ ಎರಡು ತಾಲ್ಲೂಕುಗಳು ಬೀದರ ಜಿಲ್ಲೆಗೂ ಮೂರನೆಯದು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಅನಂತರ ಅವು ಆಂಧ್ರಪ್ರದೇಶದ ಪಾಲಾದವು, 2014ರಿಂದ ತೆಲಂಗಾಣದಲ್ಲಿವೆ. ಆದರೆ ಹೊಲದ ಜೋಳ–ತೊಗರಿಗಳಿಗಾಗಲಿ, ಹೆಣ್ಣು ಕೊಟ್ಟು ತರುವ ಸಂಬಂಧಗಳಿಗಾಗಲಿ ಆ ಗೆರೆ ಅಡ್ಡಬರಲಿಲ್ಲ. ಈ ಸೀಮೆಗೆ ದೂರದ ಮೈಸೂರಿನಿಂದ ಬಂದು, ಕ್ಯಾಮೆರಾವನ್ನು ಇಲ್ಲಿಯ ಕೂಲಿ ಹೆಂಗಸರ ಕೈಗಿತ್ತ ಒಬ್ಬ ಚಿತ್ರನಿರ್ಮಾಪಕರ ಕಥೆ ನಮ್ಮವರಿಗೆ ತಿಳಿದಿರಬೇಕಾದದ್ದು.

ಅವರು ಪಿರಿಯಾಪಟ್ಟಣ ವೆಂಕಟಸುಬ್ಬಯ್ಯ ಸತೀಶ್. ಜನನ 1945ರ ಜೂನ್ 18, ಮೈಸೂರಿನಲ್ಲಿ. ದೆಹಲಿಯ ಭಾರತೀಯ ಜನಸಂಪರ್ಕ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ಅವರು ದೂರದರ್ಶನದ ನಿರ್ಮಾಪಕರಾದರು. ಗ್ರಾಮಜೀವನ, ಬೇಸಾಯ, ಸಾಕ್ಷರತೆಗಳನ್ನು ಕುರಿತ ಕಾರ್ಯಕ್ರಮಗಳಿಗಾಗಿ ಹಳ್ಳಿಯಿಂದ ಹಳ್ಳಿಗೆ ಅಲೆಯುವುದೇ ಅವರ ವೃತ್ತಿಯಾಯಿತು. ಆ ಕಾಲದ ಮಹತ್ವದ ಸಾಹಸವೆಂದರೆ ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಟೆಲಿವಿಷನ್ ಪ್ರಯೋಗ. 1975ರ ಆಗಸ್ಟ್‌ನಿಂದ ಒಂದು ವರ್ಷ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಆಕಾಶದಿಂದ ಚಿತ್ರಗಳು ಇಳಿದುಬಂದವು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ತೆಲುಗು, ಕನ್ನಡ ಎರಡೂ ಭಾಷೆಗಳ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. ಸತೀಶರು ಆ ಪ್ರಯೋಗದಲ್ಲಿ ದುಡಿದವರು.

ಪ್ರಯೋಗವೇನೋ ಅದ್ಭುತವಾಗಿತ್ತು. ಆದರೆ ಮಾತು ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಪಟ್ಟಣ ಹೇಳುವುದು, ಹಳ್ಳಿ ಕೇಳುವುದು. ಹಳ್ಳಿ ತನ್ನ ಮಾತನ್ನು ತಾನೇ ಹೇಳುವುದು ಯಾವಾಗ? ಸತೀಶರ ಮುಂದಿನ ನಾಲ್ಕು ದಶಕಗಳ ಬದುಕೆಲ್ಲ ಈ ಪ್ರಶ್ನೆಗೆ ಉತ್ತರವೆಂಬಂತೆ ಸಾಗಿತು.

1983ರಲ್ಲಿ ಅವರು ಗೆಳೆಯರೊಡನೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಅದರ ಕಾರ್ಯಕ್ಷೇತ್ರ ಜಹೀರಾಬಾದಿನ ಸುತ್ತಣ ಸುಮಾರು 75 ಹಳ್ಳಿಗಳು, ನೆಲೆ ಪಾಸ್ತಾಪುರ. ಸಂಘಗಳಲ್ಲಿ ಸೇರಿದವರು ಹೆಚ್ಚಾಗಿ ದಲಿತ ಮಹಿಳೆಯರು. ತುಂಡು ಭೂಮಿಯವರು, ಅಕ್ಷರ ಕಲಿಯದವರು. ಬೀಳುಬಿದ್ದ ನೆಲವನ್ನು ಹಸನುಮಾಡಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿಗಳನ್ನು ಒಟ್ಟೊಟ್ಟಿಗೆ ಬೆಳೆಯುವ ಹಳೆಯ ಬೇಸಾಯವನ್ನು ಅವರು ಮತ್ತೆ ಎತ್ತಿಹಿಡಿದರು.

1990ರ ದಶಕದ ಕೊನೆಯ ಹೊತ್ತಿಗೆ ಈ ಮಹಿಳೆಯರು ವಿಡಿಯೊ ಕ್ಯಾಮೆರಾ ಹಿಡಿಯಲು ಕಲಿತರು. 2001ರಲ್ಲಿ ಅವರದೇ ಒಂದು ಸಮುದಾಯ ಮಾಧ್ಯಮ ಟ್ರಸ್ಟ್ ಸ್ಥಾಪನೆಯಾಯಿತು. ಚಿತ್ರಕಲೆಯ ಪರಿಭಾಷೆಯನ್ನೂ ಅವರು ತಮ್ಮ ಅನುಭವಕ್ಕೆ ಒಗ್ಗಿಸಿಕೊಂಡರು. ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ನೋಡುವ ನೋಟಗಳಿಗೆ ಒಡೆಯ–ಆಳುಗಳ ಸಂಬಂಧದಿಂದ ಹುಟ್ಟಿದ ಹೆಸರುಗಳು. ಕಣ್ಣಿಗೆ ಕಣ್ಣು ಸಮವಾಗಿ ನಿಂತು ತೆಗೆಯುವ ನೋಟಕ್ಕೆ ‘ಸಂಘಂ ಶಾಟ್’ ಎಂಬ ಹೆಸರು. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸರಿಸಮನಾಗಿ ಕೂರುವವರಲ್ಲವೆ!

2002ರಲ್ಲಿ ದೇಶದಲ್ಲಿ ಕುಲಾಂತರಿ ಹತ್ತಿಗೆ ಅನುಮತಿ ದೊರೆತಾಗ ಈ ಮಹಿಳೆಯರು ಕ್ಯಾಮೆರಾದೊಡನೆ ವರಂಗಲ್ ಜಿಲ್ಲೆಗೆ ಹೋಗಿ, ರೈತರ ಅನುಭವವನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದರು. 2003ರಲ್ಲಿ ಹೊರಬಂದ ಆ ಚಿತ್ರ ದೂರದೂರದವರೆಗೆ ಹೋಯಿತು. ಮುಂದೆ ಇದೇ ವಿಷಯದ ಚಿತ್ರಕ್ಕಾಗಿ ದಕ್ಷಿಣ ಆಫ್ರಿಕಾ, ಮಾಲಿ ಮೊದಲಾದ ದೇಶಗಳಿಗೂ ಅವರ ಪಯಣ ನಡೆಯಿತು. ಆ ಹತ್ತಿಯ ವಿಷಯದಲ್ಲಿ ಬೇರೆ ಅಭಿಪ್ರಾಯವುಳ್ಳವರು ಇದ್ದಾರೆ, ಇರಲಿ. ಆದರೆ ಕೂಲಿ ಹೆಣ್ಣುಮಗಳೊಬ್ಬಳು ರೈತನಿಗೆ ಕೇಳಿದ ಪ್ರಶ್ನೆ ಲೋಕದ ಚರ್ಚೆಯಲ್ಲಿ ಸ್ಥಾನ ಪಡೆಯಿತೆಂಬುದೇನು ಸಣ್ಣ ಸಂಗತಿಯೆ?

ರೇಡಿಯೊ ಕಥೆ ಇನ್ನೂ ಹೃದ್ಯವಾದದ್ದು. ಮಾಚನೂರಿನಲ್ಲಿ ಬಾನುಲಿ ಕೇಂದ್ರದ ಸಿದ್ಧತೆ 1998ರಲ್ಲಿಯೇ ಆಗಿತ್ತು. ಪರವಾನಗಿ ಮಾತ್ರ ದೊರೆಯಲಿಲ್ಲ. ಹೆಂಗಸರು ಕೈಕಟ್ಟಿ ಕೂರದೆ ಹಾಡು, ಬೀಜದ ಮಾತು, ನಾಟಿ ಔಷಧದ ಮಾತುಗಳನ್ನು ಟೇಪುಗಳಲ್ಲಿ ತುಂಬಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಹತ್ತು ವರ್ಷಗಳ ಬಳಿಕ, 2008ರ ಅಕ್ಟೋಬರ್ 15ರಂದು ‘ಸಂಘಂ ರೇಡಿಯೊ’ ಗಾಳಿಯಲ್ಲಿ ತೇಲಿಬಂತು.

ಚಿತ್ರನಿರ್ಮಾಪಕನೊಬ್ಬನ ಬದುಕನ್ನು ಅರಿಯಹೊರಟವರು ಸಾಮಾನ್ಯವಾಗಿ ಅವನ ಪತ್ರ, ದಿನಚರಿ, ಕರಡುಗಳನ್ನು ಅರಸುತ್ತಾರೆ. ಸತೀಶರ ಬದುಕಿನ ಮುಖ್ಯ ದಾಖಲೆ ಇರುವುದು ಇತರರು ತೆಗೆದ ಚಿತ್ರಗಳಲ್ಲಿ, ಇತರರ ದನಿ ತುಂಬಿದ ಟೇಪುಗಳಲ್ಲಿ, ಬೂದಿ ಮತ್ತು ಬೇವಿನೆಲೆ ಬೆರೆಸಿ ಬೀಜ ಕಾಪಿಟ್ಟ ಮಡಕೆಗಳಲ್ಲಿ. ಸಂಕ್ರಾಂತಿಯ ಹೊತ್ತಿಗೆ ಆ ಬೀಜಗಳನ್ನು ಎತ್ತಿನ ಬಂಡಿಗಳಲ್ಲಿಟ್ಟು ಊರೂರಿಗೆ ಮೆರವಣಿಗೆ ಒಯ್ಯುವ ‘ಪಾತ ಪಂಟಲ ಜಾತರ’, ಅಂದರೆ ಹಳೆಯ ಬೆಳೆಗಳ ಜಾತ್ರೆಯೂ ಅಂಥದೇ ಒಂದು ದಾಖಲೆ, ನಡೆದಾಡುವ ದಾಖಲೆ.

2023 ವಿಶ್ವಸಂಸ್ಥೆ ಘೋಷಿಸಿದ್ದ ಸಿರಿಧಾನ್ಯಗಳ ವರ್ಷ. ಆ ವರ್ಷದ ಮಾರ್ಚ್ 19ರಂದು, ಬದುಕಿನುದ್ದಕ್ಕೂ ಸಿರಿಧಾನ್ಯದ ಪರವಾಗಿ ನುಡಿದ ಸತೀಶರು ಹೈದರಾಬಾದಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಪಾಸ್ತಾಪುರದಲ್ಲಿ. ಮೈಸೂರಿಗರು ಗಡಿಸೀಮೆಯ ಮಣ್ಣಿನಲ್ಲೇ ಉಳಿದರು.

ಮಡಕೆಯ ಬೀಜವನ್ನು ಕಾಲಕಾಲಕ್ಕೆ ಬಿತ್ತದಿದ್ದರೆ ಅದು ಸತ್ವಗೆಡುತ್ತದೆ. ಟೇಪಿನ ಗತಿಯೂ ಅಷ್ಟೆ: ತೇವ, ಶಾಖಗಳಿಗೆ ಅದರ ಲೇಪ ಕೆಡುತ್ತದೆ, ಅದನ್ನು ನುಡಿಸುವ ಯಂತ್ರಗಳೂ ಮರೆಯಾಗುತ್ತಿವೆ. ಹೊಸ ರೂಪಕ್ಕೆ ಇಳಿಸಿಕೊಂಡರೆ ಮಾತ್ರ ದನಿ ಉಳಿದೀತು.

ಓದುಗ ಬಂಧುಗಳೆ, ನಮ್ಮ ಟ್ರಂಕುಗಳಲ್ಲಿಯೂ ಅಜ್ಜಿಯ ಬೀಸುವ ಪದ, ಮದುವೆಯ ಸೋಬಾನೆ ತುಂಬಿದ ಹಳೆಯ ಕ್ಯಾಸೆಟ್ಟುಗಳು ಇದ್ದಾವು. ತೆಲುಗು, ಉರ್ದು ಬೆರೆತ ನಮ್ಮ ಗಡಿಗನ್ನಡವನ್ನು ಪಠ್ಯಪುಸ್ತಕಗಳು ಕಾಪಿಡಲಾರವು. ಅಂಥ ದನಿಗಳು ಕಾಪಿಟ್ಟಾವು. ಅವನ್ನು ಈ ವರ್ಷವೇ ಪ್ರತಿಮಾಡಿಸಿ ಎರಡು ಕಡೆ ಇಡಿ. ಹಾಡಿದವರ ಹೆಸರು, ಊರು, ವರ್ಷಗಳನ್ನು ಕನ್ನಡದಲ್ಲಿ ಬರೆದಿಡಿ. ಅಜ್ಜಿ ಇನ್ನೂ ಇದ್ದರೆ, ಪಕ್ಕದಲ್ಲಿ ಸರಿಸಮನಾಗಿ ನೆಲದ ಮೇಲೆ ಕುಳಿತು ಕೇಳಿಕೊಳ್ಳಿ.