ರಟ್ಟಿನ ಕುರ್ಚಿ, ಕಲ್ಲಿನ ಕರಡಿ

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮಲ್ಲಿ ಎಷ್ಟೋ ಜನರ ಮೊದಲ ಟೇಬಲ್ ಯಾವುದು ಹೇಳಿ? ಸಾಮಾನು ಬಂದ ರಟ್ಟಿನ ಡಬ್ಬ! ಅದರ ಮೇಲೆ ತಟ್ಟೆ ಇಡ್ತೀವಿ, ಲ್ಯಾಪ್‌ಟಾಪ್ ಇಡ್ತೀವಿ. ಆದರೆ ಕೂತ್ಕೋ ಅಂದ್ರೆ ಯಾರೂ ಕೂರಲ್ಲ. ರಟ್ಟು ಅಂದ್ರೆ ಕುಸಿಯುತ್ತೆ ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿರುತ್ತೆ.

ಲಾಸ್ ಏಂಜಲೀಸ್‌ನ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಕೆಣಕಿದ್ದು ಈ ತೀರ್ಮಾನವನ್ನೇ. ಡೌನ್‌ಟೌನ್‌ನ ವಾಲ್ಟ್ ಡಿಸ್ನಿ ಕಾನ್ಸರ್ಟ್ ಹಾಲ್ ಇವರದೇ ವಿನ್ಯಾಸ. ಕಟ್ಟಡಗಳ ಮಾಡೆಲ್ ಮಾಡಲು ಬಳಸುತ್ತಿದ್ದ ರಟ್ಟಿನಿಂದಲೇ 1969ರಿಂದ 1973ರ ನಡುವೆ ‘ಈಸಿ ಎಡ್ಜಸ್’ ಎಂಬ ಪೀಠೋಪಕರಣಗಳ ಸರಣಿ ಮಾಡಿದರು. ಅದರಲ್ಲಿ 1972ರ ‘ವಿಗಲ್’ ಕುರ್ಚಿ ತುಂಬಾ ಪ್ರಸಿದ್ಧ. ರಿಬ್ಬನ್ ಮಡಚಿಟ್ಟ ಹಾಗೆ ಅಂಕುಡೊಂಕು ಆಕಾರ.

ಇದು ಕುಸಿಯದೆ ನಿಲ್ಲೋದು ಹೇಗೆ? ಒಂದು ಡಬ್ಬ ಹರಿದು ನೋಡಿ: ಎರಡು ಚಪ್ಪಟೆ ಕಾಗದಗಳ ನಡುವೆ ಅಲೆ ಅಲೆಯಾದ ಇನ್ನೊಂದು ಕಾಗದ. ಆ ಅಲೆಗಳು ಸಾಲುಕಂಬಗಳಿದ್ದ ಹಾಗೆ. ಉದ್ದಕ್ಕೆ ಒತ್ತಿದರೆ ಗಟ್ಟಿ, ಅಡ್ಡಕ್ಕೆ ಸುಲಭವಾಗಿ ಬಾಗುತ್ತೆ. ಅದಕ್ಕೇ ಗೆಹ್ರಿ ಒಂದು ಹಾಳೆಯ ಅಲೆ ಉದ್ದಕ್ಕೆ, ಮುಂದಿನದರ ಅಲೆ ಅಡ್ಡಕ್ಕೆ ಬರುವಂತೆ ಪದರ ಪದರವಾಗಿ ಅಂಟಿಸಿದರು. ಒಂದರ ದೌರ್ಬಲ್ಯಕ್ಕೆ ಇನ್ನೊಂದು ಆಸರೆ. ಪ್ಲೈವುಡ್‌ನ ಗುಟ್ಟೂ ಇದೇ ಅಲ್ವಾ?

ಇನ್ನೊಂದು ತಮಾಷೆ: ಇದರಲ್ಲಿ ನಾವು ಕೂರುವುದು ಹಾಳೆಯ ಮೇಲಲ್ಲ, ಕತ್ತರಿಸಿದ ಅಂಚುಗಳ ಮೇಲೆ. ಅವೆಲ್ಲ ಒತ್ತೊತ್ತಾಗಿ ಸೇರಿದಾಗ ಮುಟ್ಟಿದರೆ ಕಾರ್ಡುರಾಯ್ ಬಟ್ಟೆಯಂತೆ ಮೆತ್ತಗೆ. ಅಗ್ಗವಾಗಿರಲಿ ಅಂತ ಹುಟ್ಟಿದ ಈ ಕುರ್ಚಿಯನ್ನು ಈಗ ವಿಟ್ರಾ ಕಂಪನಿ ತಯಾರಿಸುತ್ತೆ. ಬೆಲೆ ಮಾತ್ರ ನಮ್ಮ ಸ್ಟೈಪೆಂಡ್‌ಗೆ ಎಟುಕಲ್ಲ!

ಸ್ಯಾನ್ ಡಿಯಾಗೊದಲ್ಲಿ ಇದರ ತಿರುಗಾಮುರುಗಾ ಇದೆ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಟ್ಟಡಗಳ ನಡುವೆ ಟಿಮ್ ಹಾಕಿನ್‌ಸನ್ 2005ರಲ್ಲಿ ಮಾಡಿದ ‘ಬೇರ್’ ಕೂತಿದೆ. ನೋಡಿದರೆ ಅಪ್ಪಿಕೊಳ್ಳೋಣ ಅನ್ನಿಸುವ ಟೆಡ್ಡಿ. ಮುಟ್ಟಿದರೆ ಗ್ರಾನೈಟ್! ಎಂಟು ಬಂಡೆಗಳು, ಸುಮಾರು 180 ಟನ್ ತೂಕ. ಇದು ಪೀಠೋಪಕರಣ ಅಲ್ಲ, ಆದರೆ ಆಟ ಅದೇ.

ನಮ್ಮ ಚನ್ನಪಟ್ಟಣದ ಬೊಂಬೆಯೂ ಹೀಗೇ ಕೈಗೆ ಮೋಸ ಮಾಡುತ್ತೆ. ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿದಾಗ ಉಜ್ಜಿದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತೆ; ಮರ ಗಾಜಿನಷ್ಟು ನುಣುಪಾಗುತ್ತೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ವಸ್ತುಗಳ ವಿಷಯದಲ್ಲೂ ಅಷ್ಟೇ. ಯಾವುದು ಗಟ್ಟಿ, ಯಾವುದು ಕಸ ಅನ್ನೋದು ಬರೀ ವಸ್ತುವಿನಿಂದ ತೀರ್ಮಾನ ಆಗಲ್ಲ, ಅದನ್ನು ಹೇಗೆ ಜೋಡಿಸಿದ್ದೀವಿ ಅನ್ನೋದರಿಂದಲೂ ಆಗುತ್ತೆ. ಸೆಮಿಸ್ಟರ್ ಮುಗಿದಾಗ ನಾವು ಬೀದಿ ಬದಿಗೆ ಎಸೆಯುವ ರಾಶಿ ನೆನಪಿದೆಯಲ್ಲ? ಈ ಸಲ ಒಂದೆರಡು ಡಬ್ಬ ಉಳಿಸಿಕೊಳ್ಳಿ, ಅಲೆಯ ದಿಕ್ಕು ನೋಡಿ ಅಂಟಿಸಿ. ಕುರ್ಚಿ ಆಗದಿದ್ದರೂ ಲ್ಯಾಪ್‌ಟಾಪ್ ಸ್ಟ್ಯಾಂಡ್ ಖಂಡಿತ ಆಗುತ್ತೆ.